ಐದು ದಿನಕ್ಕೆ ಮೋಸವಿಲ್ಲ

ನಾನು ಒಂದು ಬ್ಯಾಟರಿ. ಟಾರ್ಚಿನೊಳಗೆ ಅಡಗುವ ಬೆರಳುದ್ದದ ಜಾತಿಯವನಲ್ಲ. ಇಬ್ಬರು ಗಟ್ಟಿ ಆಳುಗಳು ಸೊಂಟ ಹಿಡಿದುಕೊಂಡು ಎತ್ತಬೇಕಾದ, ಐವತ್ತು ಚಿಲ್ಲರೆ ಕಿಲೋ ತೂಗುವ ಸೀಸದ ಬ್ಯಾಟರಿ. ಗಾಡಿಯ ಎಂಜಿನ್ ಎಬ್ಬಿಸುವವನೂ ನಾನಲ್ಲ. ಅದು ಬೇರೆ ಬ್ಯಾಟರಿ, ಬಾನೆಟ್ಟಿನ ಕೆಳಗೆ ಕೂರುತ್ತದೆ, ಅದರ ದರ್ಪವೇ ಬೇರೆ. ಗಾಡಿ ನಿಂತ ಮೇಲೆ ಅದರೊಳಗೆ ಮನುಷ್ಯರು ಸಂಸಾರ ಹೂಡುತ್ತಾರಲ್ಲ, ಆಗ ಅವರಿಗೆ ಗಾಳಿ, ಬೆಳಕು, ತಂಪು ಒದಗಿಸುವ ಒಳಮನೆಯ ಆಳು ನಾನು.

ಹುಟ್ಟಿದ್ದು ಊರಾಚೆಯ ಒಂದು ಕಾರ್ಖಾನೆಯಲ್ಲಿ. ಕರಗಿದ ಸೀಸವನ್ನು ಅಚ್ಚಿಗೆ ಹೊಯ್ದು ಫಲಕಗಳನ್ನು ಮಾಡಿದರು, ಆರು ಕೋಣೆಗಳ ಡಬ್ಬಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದರು, ಆಮ್ಲ ಸುರಿದರು, ಕರೆಂಟು ಕೊಟ್ಟರು. ಮೊದಲ ಕರೆಂಟು ಏರಿದಾಗ ಮೈ ಬಿಸಿಯಾಗಿ ಗುಳುಗುಳು ಅಂದೆ. ಅದೇ ನನ್ನ ಮೊದಲ ಅಳು. ಆಮೇಲೆ ಒಬ್ಬ ಬಂದು ನನ್ನ ಹೊಟ್ಟೆಯ ಮೇಲೆ ದೊಡ್ಡ ಅಂಕಿಯ ಚೀಟಿ ಅಂಟಿಸಿದ: ನೂರೈವತ್ತು ಆಂಪಿಯರ್-ಅವರ್.

ಆ ಅಂಕಿಯೇ ನನ್ನ ಹೆಗಲೇರಿದ ಶನಿ. ಹೆಣ್ಣು ನೋಡಲು ಬಂದ ಗಂಡು ಹೇಳುವ ಸಂಬಳವನ್ನು ಎಷ್ಟು ನಂಬಬೇಕೋ ಇದನ್ನೂ ಅಷ್ಟೇ ನಂಬಬೇಕು. ನೂರೈವತ್ತು ನನ್ನೊಳಗಿರುವುದು ನಿಜ, ಆದರೆ ಅಷ್ಟನ್ನೂ ಹಿಂಡಬಾರದು. ಎಮ್ಮೆ ಕರೆಯುವವರು ಕರುವಿಗೆ ಬಿಡುವುದಿಲ್ಲವೇ, ಹಾಗೆ ನನ್ನಲ್ಲೂ ಅರ್ಧ ಬಿಟ್ಟು ಅರ್ಧ ಬಳಸಬೇಕು, ಮತ್ತೆ ತುಂಬಿಸಬೇಕು. ಹಾಗಾದರೆ ನಾಲ್ಕೈದು ವರ್ಷ ದುಡಿಯುತ್ತೇನೆ. ದಿನವೂ ತಳ ಕೆರೆದರೆ ವರ್ಷದೊಳಗೇ ಮೂಲೆ ಸೇರುತ್ತೇನೆ. ಇಷ್ಟು ಸರಳ ಮಾತನ್ನು ನನ್ನ ಜೊತೆ ಬಂದ ಪುಸ್ತಕದ ಮೂರನೇ ಪುಟದಲ್ಲೇ ಬರೆದಿದ್ದಾರೆ. ಮನುಷ್ಯರು ಆ ಪುಸ್ತಕವನ್ನು ಏನು ಮಾಡುತ್ತಾರೆಂದರೆ, ಅದರ ಮೇಲೆ ಚಹಾದ ಕಪ್ಪು ಇಡುತ್ತಾರೆ.

ನನ್ನನ್ನು ಕೊಂಡವರು ಹುಬ್ಬಳ್ಳಿಯ ಶಿವಮೂರ್ತೆಪ್ಪ ಮುಶಿಗೇರಿ ಎಂಬವರು. ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಊರೆಲ್ಲ ಅವರನ್ನು ಮುಶಿಗೇರಿ ಸರ್ ಅನ್ನುತ್ತಿತ್ತು. ಭೌತಶಾಸ್ತ್ರದವರು ಅಂದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂಗಡಿಯ ಉಳಿದ ಬ್ಯಾಟರಿಗಳ ಮುಂದೆ ಎದೆ ಉಬ್ಬಿಸಿದೆ. ಸದ್ಯ, ವಿದ್ಯುತ್ತು ಅಂದರೇನು ಎಂದು ಬಲ್ಲವರ ಮನೆ ಸೇರುತ್ತಿದ್ದೇನೆ ಅಂದುಕೊಂಡೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆ ಆಗ ನನಗೆ ಗೊತ್ತಿರಲಿಲ್ಲ.

ಸರ್ ಒಂದು ಹಳೆಯ ಶಾಲಾ ವ್ಯಾನನ್ನು ಕೊಂಡು, ಗ್ಯಾರೇಜಿನವರಿಂದ ಸೀಟು ಕೀಳಿಸಿ, ಒಳಗೆ ಮಂಚ, ಗ್ಯಾಸಿನ ಒಲೆ, ಪುಟ್ಟ ಫ್ರಿಜ್, ಫ್ಯಾನು, ಟೀವಿ ಎಲ್ಲ ಕೂರಿಸಿದ್ದರು. ಮಾಡಿನ ಮೇಲೆ ಒಂದು ಸೋಲಾರ್ ಫಲಕ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ನಾನು. ನನಗೆ ಊಟ ಬರುವ ದಾರಿಗಳು ಮೂರು: ಊರಿನ ಕರೆಂಟಿಗೆ ವೈರು ಸಿಕ್ಕಿಸಿದರೆ ಒಂದು, ಮಾಡಿನ ಮೇಲಿನ ಬಿಸಿಲು ಎರಡು, ಎಂಜಿನ್ ಓಡುವಾಗ ಅದರಿಂದ ಬರುವುದು ಮೂರು. ಈ ಮೂರನ್ನು ನೆನಪಿಟ್ಟುಕೊಳ್ಳಿ. ಮುಶಿಗೇರಿ ಸರ್ ಮೂರನ್ನೂ ಒಂದೊಂದಾಗಿ ಹೇಗೆ ಮುಚ್ಚಿದರು ಎಂಬುದೇ ನನ್ನ ಕಥೆ.

ನನ್ನ ಪೆಟ್ಟಿಗೆಯ ಬಾಗಿಲಿಗೆ ಒಂದು ಬಿರುಕಿತ್ತು. ಅದರಿಂದ ನನಗೆ ಕಾಣುತ್ತಿದ್ದದ್ದು ಮೊಣಕಾಲಿನ ತನಕ. ಮನುಷ್ಯರನ್ನು ಕೆಳಗಿನಿಂದ ನೋಡಿದವರಿಗೆ ಅವರ ಬಗ್ಗೆ ಭ್ರಮೆ ಉಳಿಯುವುದಿಲ್ಲ. ಸರ್ ಅವರ ಪಾದಗಳು ಒಂದು ಕಡೆ ನಿಲ್ಲದೆ ಭಾಷಣ ಮಾಡುತ್ತಿದ್ದವು, ಹಿಮ್ಮಡಿ ಎತ್ತಿ ಇಳಿಸಿ, ಎತ್ತಿ ಇಳಿಸಿ. ಇನ್ನೊಂದು ಜೋಡಿ ಪಾದಗಳು ಅವರ ಹೆಂಡತಿ ನೀಲಾಂಬಿಕಾ ಅವರದು. ಬೆಳ್ಳಿ ಕಾಲುಂಗುರ, ಒಡೆದ ಹಿಮ್ಮಡಿ. ಆ ಪಾದಗಳು ಕೆಲಸವಿದ್ದರೆ ಮಾತ್ರ ಕದಲುತ್ತಿದ್ದವು.

ಹೊರಡುವುದಕ್ಕೆ ಒಂದು ವಾರ ಮೊದಲು ಸರ್ ಅವರ ಹಳೆಯ ಸಹೋದ್ಯೋಗಿ, ರಸಾಯನಶಾಸ್ತ್ರದ ಹಾದಿಮನಿ ಸರ್, ವ್ಯಾನು ನೋಡಲು ಬಂದಿದ್ದರು. ನನ್ನ ಪೆಟ್ಟಿಗೆ ತೆಗೆದು ನೋಡಿ, "ಕರೆಂಟ್ ಹಚ್ಚಲಾರದ ಎಷ್ಟು ದಿನ ಬರ್ತೈತಿ ಇದು?" ಅಂದರು.

"ಐದು ದಿನಕ್ಕ ಮೋಸ ಇಲ್ಲ," ಅಂದರು ಮುಶಿಗೇರಿ ಸರ್.

"ಎರಡು ದಿನ ಬಂದ್ರ ದೊಡ್ಡದು ಬಿಡು."

ಅಷ್ಟು ಸಾಕಾಯಿತು. ಸರ್ ಕಾಗದ ತೆಗೆದು ಲೆಕ್ಕ ಮಾಡಿಯೇ ತೋರಿಸಿದರು. ಫ್ರಿಜ್ ಗಂಟೆಗೆ ಇಷ್ಟು ಎಳೆಯುತ್ತದೆ, ನೂರೈವತ್ತನ್ನು ಅದರಿಂದ ಭಾಗಿಸು, ನೂರಿಪ್ಪತ್ತು ಗಂಟೆ, ಅಂದರೆ ಐದು ದಿನ. ಭಾಗಾಕಾರ ಸರಿಯಾಗಿತ್ತು, ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಬಿಟ್ಟುಹೋದದ್ದು ಫ್ಯಾನು, ಲೈಟು, ಟೀವಿ, ಮಿಕ್ಸಿ, ಎರಡು ಫೋನು, ನವರಾತ್ರಿಯ ಸೆಕೆಯಲ್ಲಿ ಫ್ರಿಜ್ಜಿಗೆ ಆಗುವ ದುಪ್ಪಟ್ಟು ಶ್ರಮ, ಮತ್ತು ಪುಸ್ತಕದ ಮೂರನೇ ಪುಟ. ಹಾದಿಮನಿ ಸರ್ ನಕ್ಕು, "ದಿನಾ ಫೋನ್ ಮಾಡ್ತೀನಿ, ನೋಡೂಣು," ಅಂದು ಎದ್ದರು. ಗಂಡಸರ ಮಾನ ಇಂಥ ಕ್ಷುಲ್ಲಕ ಜಾಗಗಳಲ್ಲಿ ಗೂಡು ಕಟ್ಟುತ್ತದೆ.

ಸರ್ ಅವರಿಗೆ ದಮ್ಮಿತ್ತು. ಧೂಳು, ಹೊಗೆ ತಾಗಿದರೆ ಎದೆ ಸುಂಯ್ ಅನ್ನುತ್ತಿತ್ತು. ಮನೆಯಲ್ಲಿ ನೆಬ್ಯುಲೈಜರ್ ಎಂಬ ಪುಟ್ಟ ಮಷಿನ್ ಇತ್ತು. ಔಷಧಿಯನ್ನು ಮಂಜಿನಂತೆ ಮಾಡಿ ಮೂಗು ಬಾಯಿಗೆ ಕೊಡುವಂಥದ್ದು, ಕರೆಂಟಿನ ಮೇಲೆ ಓಡುವಂಥದ್ದು. ಅದೂ ವ್ಯಾನು ಸೇರಿತು. ಹೊರಡುವ ದಿನ ನೀಲಾಂಬಿಕಾ ಬಾಗಿಲಲ್ಲಿ ನಿಂತು ಕೇಳಿದರು, "ಅಲ್ರೀ, ಬಾಯಿಗೆ ಹೊಡ್ಕೊಳ್ಳೋ ಪಂಪ್ ಇಟ್ಕೊಂಡೀರಿಲ್ಲೋ?"

"ಮಷಿನ್ ಐತಿ, ಬ್ಯಾಟರಿ ಐತಿ. ಪಂಪ್ ಯಾಕ?"

"ಇರ್ಲಿ ಒಂದು. ತರ್ತೀನಿ ನಿಂದರ್ರಿ."

"ಹೊತ್ತಾಗ್ತೈತಿ, ಹತ್ತು ನೀಲಾ."

ಅವರು ಹತ್ತುವಾಗ, ದಾರಿಯಲ್ಲಿ ಸ್ವಲ್ಪ ದೂರ ತಾನೂ ಗಾಡಿ ಓಡಿಸಲೇ ಎಂದು ಮೆಲ್ಲಗೆ ಕೇಳಿದರು. ತವರಾದ ನರಗುಂದದಲ್ಲಿ ಅಣ್ಣನ ಜೊತೆ ಟ್ರ್ಯಾಕ್ಟರ್ ಹೊಡೆದವರಂತೆ ಆಕೆ. ಸರ್ ನಗುತ್ತಾ, "ಟ್ರ್ಯಾಕ್ಟರ್ ಬ್ಯಾರೆ, ಇದು ಬ್ಯಾರೆ," ಅಂದರು. ಎರಡಕ್ಕೂ ಸ್ಟೇರಿಂಗು ಒಂದು, ಗೇರು ಒಂದು. ಬೇರೆಯಾದದ್ದು ಏನು ಎಂಬುದನ್ನು ಭೌತಶಾಸ್ತ್ರ ಹೇಳಲಿಲ್ಲ.

ಸಪ್ತಮಿಯ ಮಧ್ಯಾಹ್ನ ನವಿಲುತೀರ್ಥದ ಹಿನ್ನೀರಿನ ದಂಡೆ ಸೇರಿದೆವು. ದಾರಿಯುದ್ದಕ್ಕೂ ಎಂಜಿನ್ ಓಡಿದ್ದರಿಂದ ನಾನು ಹೊಟ್ಟೆ ತುಂಬಿಕೊಂಡಿದ್ದೆ. ನೀರಿಗೆ ಬೆನ್ನು ಮಾಡಿ ಒಂದು ದೊಡ್ಡ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರು. ನೆರಳು ಚೆನ್ನಾಗಿದೆ ಅಂದರು. ಮಾಡಿನ ಮೇಲೆ ಬಿಸಿಲು ತಿನ್ನಲು ಒಂದು ಫಲಕ ಕಾಯುತ್ತಿದೆ ಎಂಬುದನ್ನು ಯಾರಿಗೆ ಹೇಳುವುದು? ಎಲೆಗಳ ಸಂದಿನಿಂದ ಬಿದ್ದ ಬಿಸಿಲಲ್ಲಿ ಅದು ನನಗೆ ಗುಬ್ಬಿಯ ಪಾಲಿನಷ್ಟು ಊಟ ಕಳಿಸಿತು.

ಅಷ್ಟಮಿಯೂ ಹಾಗೇ ಕಳೆಯಿತು. ಫ್ರಿಜ್ಜಿನಲ್ಲಿ ಹಾಲು, ಮೊಸರು, ಹೋಳಿಗೆಯ ಹೂರಣ. ಬೆಳಗಿನಿಂದ ಸಂಜೆಯ ತನಕ ಫ್ಯಾನು. ಟೀವಿಯಲ್ಲಿ ದಸರೆಯ ಸುದ್ದಿ. ಚಟ್ನಿಗೆ ಮಿಕ್ಸಿ. ಸರ್ ಬೆಳಿಗ್ಗೆ ಎದ್ದು, ಎಲ್ಲ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮೀಟರ್ ನೋಡುವರು. ಇದೊಂದು ಸೊಗಸು. ಕಲ್ಲು ಹೊತ್ತವನನ್ನು ಹೊರೆ ಇಳಿಸಿ ಕೂರಿಸಿ, ನೀರು ಕುಡಿಸಿ, ಹೇಗಿದ್ದೀಯಪ್ಪಾ ಎಂದು ಕೇಳಿದರೆ ಅವನು ಚೆನ್ನಾಗಿದ್ದೇನೆ ಅನ್ನುತ್ತಾನೆ. ನಾನೂ ಕೆಲಸ ನಿಂತೊಡನೆ ಉಸಿರು ಬಿಟ್ಟು ತುಸು ಮೇಲೇರುತ್ತೇನೆ, ಮೀಟರಿನಲ್ಲಿ ಹನ್ನೆರಡು ಚಿಲ್ಲರೆ ವೋಲ್ಟ್ ಕಾಣುತ್ತದೆ. ಅದು ನನ್ನ ಶಕ್ತಿಯಲ್ಲ, ನನ್ನ ದಣಿವಾರಿಕೆ. ಹೊರೆ ಹೊತ್ತಿರುವಾಗ ಕೇಳಬೇಕು. ಸರ್ ಮಾತ್ರ ಸಂಜೆಯ ಫೋನಿನಲ್ಲಿ ಹಾದಿಮನಿಯವರಿಗೆ ಬೆಳಗಿನ ಅಂಕಿ ಓದಿ, ಐದು ದಿನಕ್ಕ ಮೋಸ ಇಲ್ಲ ಎಂದು ಮತ್ತೆ ಸಾರಿದರು.

ಆಗ ನಾನು ಒಳಗೊಳಗೇ ನಕ್ಕೆ ಎಂಬುದನ್ನು ಮುಚ್ಚಿಡುವುದಿಲ್ಲ. ಈ ಮನುಷ್ಯನ ಮುಖಕ್ಕೆ ಮಂಗಳಾರತಿ ಆಗುವ ಗಳಿಗೆಗಾಗಿ ನಾನು ಆಸೆಯಿಂದಲೇ ಕಾಯುತ್ತಿದ್ದೆ.

ನವಮಿ ಬಂತು. ಆ ಕಡೆಯವರಿಗೆ ಅದು ಖಂಡೇ ಪೂಜೆ, ಆಯುಧಗಳನ್ನು ಪೂಜಿಸುವ ದಿನ. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಸಂಜೆ ಬನ್ನಿ ಹಂಚುವ ತನಕ ಮುಟ್ಟಬಾರದು, ಅದಕ್ಕೂ ಒಂದು ವಿಶ್ರಾಂತಿ ಬೇಕು ಎಂಬುದು ಹಿರಿಯರ ಮಾತು. ಆ ಪದ್ಧತಿಯ ಮೇಲೆ ನನಗೆ ತಿರಸ್ಕಾರವಿಲ್ಲ. ದುಡಿದವನಿಗೆ ಒಂದು ದಿನ ಬಿಡುವು ಕೊಡಿ ಎಂದು ಯೋಚಿಸಿದವರು ಮುಶಿಗೇರಿ ಸರ್‌ಗಿಂತ ಎಷ್ಟೋ ಪಾಲು ತಿಳಿದವರು.

ಸರ್ ಪೂಜೆಯನ್ನು ಸಾಂಗವಾಗಿ ಮಾಡಿದರು. ಗಾಡಿ ತೊಳೆದರು. ನಾಲ್ಕು ಗಾಲಿಗಳ ಮುಂದೆ ನಾಲ್ಕು ಲಿಂಬೆಹಣ್ಣು ಇಟ್ಟರು. ಬೂದುಗುಂಬಳ ಒಡೆದರು. ಗಾಡಿಯ ಬೀಗದ ಕೈಯನ್ನು ಅರಿಶಿನ ದಾರ ಕಟ್ಟಿ ಪೂಜೆಯ ತಟ್ಟೆಯಲ್ಲಿಟ್ಟರು. ಬನ್ನಿ ಮುಡಿಯುವ ತನಕ ಗಾಡಿ ಚಾಲೂ ಮಾಡುವಂತಿಲ್ಲ ಎಂದು ವಿಧಿಸಿದರು. ಆಮೇಲೆ ಏಣಿ ಹತ್ತಿ ಮಾಡಿನ ಮೇಲೆ ಹೋದರು. ಸೋಲಾರ್ ಫಲಕವೂ ಆಯುಧವೇ ತಾನೇ? ಅದರ ಅಗಲಕ್ಕೂ ವಿಭೂತಿ ಕಲಸಿ ಮೂರು ಪಟ್ಟೆ ಬಳಿದರು, ನಡುವೆ ಅಂಗೈಯಗಲ ಕುಂಕುಮ, ಸುತ್ತಲೂ ನಾಲ್ಕು ಮಾರು ಚೆಂಡುಹೂವಿನ ಮಾಲೆ. ಮೂವತ್ತೆರಡು ವರ್ಷ ಬೆಳಕಿನ ಪಾಠ ಮಾಡಿದ ಕೈ ಬೆಳಕು ನುಂಗುವ ಗಾಜಿನ ಕಣ್ಣಿಗೆ ದಪ್ಪಗೆ ಬೂದಿ ಮೆತ್ತಿತು. ಮರದ ನೆರಳಿನಲ್ಲೂ ಬರುತ್ತಿದ್ದ ಅಷ್ಟಿಷ್ಟು ಊಟ ಅಲ್ಲಿಗೆ ನಿಂತಿತು.

ಊರಿನ ಕರೆಂಟು ಪಂತದಿಂದ ಹೋಯಿತು, ಎಂಜಿನ್ ಮಡಿಯಿಂದ ಹೋಯಿತು, ಬಿಸಿಲು ಭಕ್ತಿಯಿಂದ ಹೋಯಿತು. ಮೂರೂ ಮುಚ್ಚಿದ ಮೇಲೆ ಸರ್ ಗಾಡಿಯ ಸುತ್ತ ಬಣ್ಣಬಣ್ಣದ ಸೀರಿಯಲ್ ಸೆಟ್ ದೀಪಗಳನ್ನು ಸುತ್ತಿ, ಅದನ್ನು ನನಗೆ ಸಿಕ್ಕಿಸಿದರು. ಎಂಜಿನ್ನಿಗೆ ರಜೆ, ಚಾಕುವಿಗೆ ರಜೆ, ಸ್ಕ್ರೂಡ್ರೈವರಿಗೂ ರಜೆ. ದುಡಿಯುವುದು ನಾನೊಬ್ಬನೇ. ಮಂಚದ ಕೆಳಗಿದ್ದವನನ್ನು ಆಯುಧದ ಲೆಕ್ಕಕ್ಕೆ ಹಿಡಿಯಲು ಅವರಿಗೆ ತೋಚಲಿಲ್ಲ.

ಒಬ್ಬರಿಗೆ ತೋಚಿತು. ಸರ್ ಫೋಟೋ ತೆಗೆಯಲು ಹೊರಗೆ ಹೋದಾಗ ನೀಲಾಂಬಿಕಾ ಮಂಡಿಯೂರಿ ನನ್ನ ಬಾಗಿಲು ತೆರೆದರು. ಸೆರಗಿನಿಂದ ನನ್ನ ತಲೆಯ ಮೇಲಿನ ಧೂಳು ಒರೆಸಿ, ಬೆರಳಲ್ಲಿ ಕುಂಕುಮ ತೆಗೆದು ಹಚ್ಚಿದರು. "ಪಾಪ, ಇದೂ ದುಡೀತೈತಿ," ಅಂದರು. ಮೈಗೆ ಕೈ ತಾಗಿಸಿ, "ಎಷ್ಟು ಬಿಸಿ ಆಗೈತಿ," ಅಂದುಕೊಂಡರು. ಮೀಟರ್ ನೋಡದೆ ನನ್ನ ಸ್ಥಿತಿ ಕಂಡುಹಿಡಿದವರು ಜೀವಮಾನದಲ್ಲಿ ಅವರೇ ಮೊದಲು. ಆ ಕುಂಕುಮ ನನ್ನ ತಲೆಯಿಂದ ಕೊನೆಯ ತನಕ ಅಳಿಯಲಿಲ್ಲ.

ಅಂದು ಸಂಜೆಯೇ ಫ್ರಿಜ್ ನಿಂತಿತು. ಅದು ಜಾಣ, ನನ್ನ ಸೊಂಟ ಬಗ್ಗಿದ್ದು ಕಂಡೊಡನೆ ಸದ್ದಿಲ್ಲದೆ ಕೆಲಸ ಬಿಟ್ಟಿತು. ಬಣ್ಣದ ದೀಪಗಳು ಮಾತ್ರ ಮಿಣುಕುತ್ತಲೇ ಇದ್ದವು. ಅವಕ್ಕೆ ಬೇಕಾದದ್ದು ಚೂರೇ ಚೂರು. ದಶಮಿಯ ಬೆಳಿಗ್ಗೆ ನೀಲಾಂಬಿಕಾ ಚಹಾಕ್ಕೆ ಹಾಲು ಕಾಯಿಸಿದರು. ಹಾಲು ಒಡೆಯಿತು.

"ರೀ, ಹಾಲು ಒಡದೈತಿ. ಫ್ರಿಜ್ ಬಂದ್ ಬಿದ್ದೈತಿ. ನಿಮ್ಮ ಬ್ಯಾಟರಿ ಮುಗೀತು."

"ಲೈಟ್ ಹತ್ಯಾವಲ್ಲ? ಬ್ಯಾಟರಿ ಮುಗದಿದ್ರ ಲೈಟ್ ಹೆಂಗ ಹತ್ತತಿದ್ದೂ? ಹಾಲ ಹಳೇವು."

"ಒಂದು ತಾಸು ಗಾಡಿ ಚಾಲೂ ಇಡ್ರಿ ಹಂಗಾರ."

"ಬನ್ನಿ ಮುಡದಿಲ್ಲ ಇನ್ನ. ಏನ್ ಮಾತು ನೀಲಾ ನಿಂದು?"

ಬನ್ನಿ ಒಂದು ನೆಪ. ಗಾಡಿ ಚಾಲೂ ಮಾಡಿದರೆ ಹಾದಿಮನಿಯ ಮುಂದೆ ಪಂತ ಸೋತಂತೆ, ಅದೇ ನಿಜವಾದ ಮಡಿ. ಆಕೆ ಒಡೆದ ಹಾಲಿಗೆ ಬೆಲ್ಲ ಹಾಕಿ ಒಲೆಯ ಮೇಲಿಟ್ಟರು. ನಾನು ಮಾತ್ರ ಪೆಟ್ಟಿಗೆಯೊಳಗೆ ಹಿಗ್ಗುತ್ತಿದ್ದೆ. ಇನ್ನು ಕೆಲವೇ ಗಂಟೆ, ಬಣ್ಣದ ದೀಪವೂ ಆರುತ್ತದೆ, ಪಂಡಿತರ ಗರ್ವ ಇಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ನನ್ನ ಭಾಗಾಕಾರವೂ ಸರಿಯಾಗಿಯೇ ಇತ್ತು.

ಮಧ್ಯಾಹ್ನ ಸರ್ ಹಾದಿಮನಿಯವರಿಗೆ ವಿಡಿಯೋ ಫೋನು ಹಚ್ಚಿದರು. ನಾಲ್ಕನೇ ದಿನವೂ ಉರಿಯುತ್ತಿರುವ ದೀಪ ತೋರಿಸಬೇಕಿತ್ತಲ್ಲ. ಹಗಲಿನಲ್ಲಿ ಬಣ್ಣ ಕಾಣುವುದಿಲ್ಲವೆಂದು ಒಂದು ಮಾಲೆ ಒಳಗೆ ತಂದು, ಕಿಟಕಿ ಬಾಗಿಲು ಮುಚ್ಚಿ, ಪರದೆ ಎಳೆದರು. ಶೋಭೆಗೆಂದು ಧೂಪಾರತಿಯ ಕೆಂಡದ ಮೇಲೆ ಮುಷ್ಟಿ ತುಂಬ ಲೋಬಾನ ಹಾಕಿದರು. ದಶಮಿಯ ಆರತಿಯೂ ಆಗಲಿ, ದೀಪದ ಪ್ರದರ್ಶನವೂ ಆಗಲಿ ಎಂದು. ಮುಚ್ಚಿದ ಗಾಡಿಯಲ್ಲಿ ಹೊಗೆ ದಟ್ಟವಾಗಿ ಇಳಿದು ನನ್ನ ಬಿರುಕಿನ ತನಕ ಬಂತು.

"ನೋಡಪಾ ಹಾದಿಮನಿ, ನಾಕನೇ ದಿನ..." ಅಂದರು ಸರ್. ಆಮೇಲೆ ಕೆಮ್ಮಿದರು. ಆಮೇಲೆ ಮಾತು ಬರಲಿಲ್ಲ.

ಅವರ ಹಿಮ್ಮಡಿಗಳು ಏರಿಳಿಯುವುದನ್ನು ನಿಲ್ಲಿಸಿದವು. ಮಂಚದ ಅಂಚಿಗೆ ಕುಸಿದು ಕೂತಾಗ ಹಲಗೆ ನನ್ನ ತಲೆಯ ಮೇಲೆ ಕಿರ್ರೆಂದಿತು. ಸುಂಯ್ ಸುಂಯ್ ಎಂಬ ಸದ್ದು. ನೀಲಾಂಬಿಕಾ ಓಡಿ ಬಂದು ಕಿಟಕಿ ಬಾಗಿಲೆಲ್ಲ ತೆರೆದರು, ಕೆಂಡ ಹೊರಗೆಸೆದರು, ಮಷಿನ್ ತೆಗೆದು ಔಷಧಿ ಹಾಕಿ, ಮುಖಕ್ಕೆ ಮಾಸ್ಕ್ ಕಟ್ಟಿ, ವೈರು ಸಿಕ್ಕಿಸಿ ಗುಂಡಿ ಒತ್ತಿದರು.

ಮಷಿನ್ ನನ್ನಿಂದ ಒಮ್ಮೆಲೇ ಎಳೆಯಿತು. ನಾನು ಕೊಡಲು ಹೋದೆ. ಆಣೆ ಮಾಡಿ ಹೇಳುತ್ತೇನೆ, ಆರೂ ಕೋಣೆಗಳನ್ನು ಗೋರಿಕೊಂಡು ಕೊಡಲು ಹೋದೆ. ಏನೂ ಇರಲಿಲ್ಲ. ಮಷಿನ್ ಎರಡು ಸಲ ಗುರ್ ಗುರ್ ಅಂದು ನಿಂತಿತು. ನನ್ನ ಕರೆಂಟನ್ನು ಮಷಿನ್‌ಗೆ ಹೊಂದಿಸಿಕೊಡುವ ಇನ್ವರ್ಟರ್ ಕೀ ಎಂದು ಕಿರುಚಿತು. ಬಣ್ಣದ ದೀಪಗಳು ಆರಿಹೋದವು. ಆಕೆ ದೀಪದ ಮಾಲೆ ಕಿತ್ತೆಸೆದು ಮತ್ತೆ ಒತ್ತಿದರು. ಮತ್ತೆ ಕೀ.

ಎರಡು ದಿನದಿಂದ ನಾನು ಬಯಸಿದ್ದ ಗಳಿಗೆ ಅದೇ. ಐದು ದಿನ ಅಂದವರಿಗೆ ಐದು ನಿಮಿಷ ಬೇಕಾಗಿತ್ತು, ನನ್ನ ಹತ್ತಿರ ಐದು ನಿಮಿಷವೂ ಇರಲಿಲ್ಲ. ನನಗೆ ಸಂತೋಷವಾಗಲಿಲ್ಲ. ತಲೆಯ ಮೇಲಿನ ಹಲಗೆಯಲ್ಲಿ ಒಬ್ಬ ಮನುಷ್ಯ ಗಾಳಿಗಾಗಿ ಒದ್ದಾಡುತ್ತಿದ್ದರೆ, ಅವನು ಮೂರ್ಖನೋ ಜಾಣನೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಇಷ್ಟು ದಿನ ನಾನು ಅವರನ್ನು ಹೀಗಳೆದದ್ದೆಲ್ಲ ತಿರುಗಿ ನನ್ನ ಮೈಮೇಲೇ ಬಂತು.

ನೀಲಾಂಬಿಕಾ ಒಂದು ಕ್ಷಣ ನಿಂತರು. ಆ ಪಾದಗಳು ಪೂಜೆಯ ತಟ್ಟೆಯ ಕಡೆ ತಿರುಗಿದವು. ಬೀಗದ ಕೈಗೆ ಕಟ್ಟಿದ್ದ ಅರಿಶಿನ ದಾರ ಹರಿದು ನೆಲಕ್ಕೆ ಬಿತ್ತು. ಉಸಿರು ಸಿಗದೆ ತುಟಿ ನೀಲಿಗಟ್ಟುತ್ತಿದ್ದರೂ ಸರ್ ಕೈಯೆತ್ತಿ ಬೇಡ ಬೇಡ ಎಂದು ಸನ್ನೆ ಮಾಡಿದರಂತೆ. ಅದನ್ನು ಆಕೆ ಆಮೇಲೆ ಎಷ್ಟೋ ಸಲ ಆಡಿ ತೋರಿಸಿದರು.

"ಸುಮ್ಮನ ಕುಂದರ್ರಿ," ಅಂದರು ಆಕೆ. "ಉಸರು ಇದ್ರ ಮುಂದಿನ ವರ್ಷನೂ ಬನ್ನಿ ಬರ್ತಾವು."

ಎಂಜಿನ್ ಎದ್ದಿತು. ದಪ್ಪ ವೈರಿನಿಂದ ನನಗೆ ಊಟ ಬಂತು. ಬೇವಿನ ಮರದ ಕೆಳಗೆ ಗಾಡಿ ಮುಂದಕ್ಕೆ ಜಿಗಿಯಿತು, ಒಂದಾದ ಮೇಲೊಂದು ಲಿಂಬೆಹಣ್ಣು ಗಾಲಿಗೆ ಸಿಕ್ಕಿ ಪಚಕ್ಕೆಂದಿತು. ಗೇರು ಒಂದು ಸಲ ಕರಕರ ಅಂತು, ಆಮೇಲೆ ಇಲ್ಲ. ಮುಖ್ಯ ರಸ್ತೆ ಹತ್ತುವ ಹೊತ್ತಿಗೆ ಇನ್ವರ್ಟರಿನ ಕಿರುಚಾಟ ನಿಂತಿತು. ಆಕೆ ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸದೆ ಹಿಂದೆ ಬಂದು ಗುಂಡಿ ಒತ್ತಿ, ಮಷಿನ್ ಓಡತೊಡಗಿದ್ದನ್ನು ನೋಡಿಕೊಂಡು ಮತ್ತೆ ಸ್ಟೇರಿಂಗಿಗೆ ಹೋದರು. ನನಗೆ ಬಂದದ್ದನ್ನೆಲ್ಲ ಒಂದು ಹನಿ ಇಟ್ಟುಕೊಳ್ಳದೆ ಮೇಲಕ್ಕೆ ಕೊಟ್ಟೆ. ಮುನವಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಲೆಯ ಮೇಲಿನ ಸುಂಯ್ ಸದ್ದು ಅರ್ಧಕ್ಕೆ ಇಳಿದಿತ್ತು. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ಎರಡು ತಾಸು ಮಲಗಿಸಿಕೊಂಡು, ಇನ್ನು ಹೊಗೆಯ ಹತ್ತಿರ ಹೋಗಬೇಡಿ ಎಂದು ಕಳಿಸಿದರು. ಊರಿಗೆ ಮರಳುವಾಗಲೂ ಗಾಡಿ ಓಡಿಸಿದವರು ಆಕೆಯೇ.

ಇಷ್ಟಾದ ಮೇಲೆ ಸರ್ ಬದಲಾದರು ಅಂದುಕೊಂಡಿರಾ? ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೂರನೇ ದಿನ ಹಾದಿಮನಿ ಸರ್ ಮನೆಗೆ ಬಂದು, ಎಲ್ಲಿಗೆ ಬಂತಪ್ಪಾ ನಿನ್ನ ಐದು ದಿನ ಎಂದು ಕೇಳಿದಾಗ, "ಬ್ಯಾಟರಿನ ಸುಳ್ಳು. ಅಂಗಡಿಯಾಂವ ಹಳೇ ಮಾಲು ಕೊಟ್ಟಾನ," ಅಂದರು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಆದರೆ ಮಾತು ಸುಳ್ಳಾಗಿಯೂ ಉಳಿಯಲಿಲ್ಲ. ತಳ ಕಾಣುವ ತನಕ ಹಿಂಡಿಸಿಕೊಂಡ ಮೇಲೆ ನನ್ನ ಫಲಕಗಳ ಮೇಲೆ ಬಿಳಿಯ ಹುಡಿ ಕೂತಿತ್ತು. ಎಷ್ಟು ಊಟ ಕೊಟ್ಟರೂ ಮೊದಲಿನ ಅರ್ಧದಷ್ಟೂ ಒಳಗೆ ನಿಲ್ಲುತ್ತಿರಲಿಲ್ಲ. ಗ್ಯಾರೇಜಿನವನು ನನ್ನನ್ನು ಇಳಿಸಿ, ಹೊಸಬನನ್ನು ಕೂರಿಸಿದ.

ಅಲ್ಲಿಂದ ನನ್ನನ್ನು ಒಯ್ದವನು ಮಾಬುಸಾಬ. ಕೆರೆಯ ದಂಡೆಯಲ್ಲಿ ತಳ್ಳುಗಾಡಿ ಇಟ್ಟು ಸಂಜೆ ಮಿರ್ಚಿ, ಗಿರ್ಮಿಟ್ ಮಾರುತ್ತಿದ್ದವನು. ಅವನಿಗೆ ಆಂಪಿಯರ್ ಎಂದರೆ ಏನೆಂದು ಗೊತ್ತಿರಲಿಲ್ಲ. ನನ್ನ ಮೇಲಿದ್ದ ಹೊರೆ ಒಂದೇ ಒಂದು ಬಲ್ಬು. ಅದು ತುಸು ಮಂಕಾಯಿತೆಂದರೆ, "ಸಾಕು, ಇದಕ್ಕೂ ಸಾಕಾತು," ಎಂದು ಅಂಗಡಿ ಕಟ್ಟುವನು. ಮನೆಗೆ ಹೋದೊಡನೆ ತಾನು ಉಣ್ಣುವ ಮೊದಲು ನನ್ನನ್ನು ಚಾರ್ಜಿಗೆ ಹಾಕುವನು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮನುಷ್ಯ. ಅರೆಜೀವವಾಗಿದ್ದ ನಾನು ಅವನ ಹತ್ತಿರ ಪೂರ್ತಿ ಎರಡು ವರ್ಷ ಬಾಳಿದೆ. ಅವನನ್ನು ಹೀಯಾಳಿಸಲು ಎಷ್ಟು ಹುಡುಕಿದರೂ ನನಗೆ ಏನೂ ಸಿಗಲಿಲ್ಲ, ಉಪ್ಪು ಸ್ವಲ್ಪ ಜಾಸ್ತಿ ಹಾಕುತ್ತಿದ್ದ ಅಷ್ಟೆ.

ಒಂದು ಸಂಜೆ ತಳ್ಳುಗಾಡಿಯ ಮುಂದೆ ಒಂದು ವ್ಯಾನು ಬಂದು ನಿಂತಿತು. ಇಳಿದ ಪಾದಗಳನ್ನು ಕೆಳಗಿನಿಂದಲೇ ಗುರುತು ಹಿಡಿದೆ. ಬಲಗಡೆಯ ಬಾಗಿಲಿನಿಂದ ಬೆಳ್ಳಿ ಕಾಲುಂಗುರ, ಎಡಗಡೆಯಿಂದ ಭಾಷಣದ ಹಿಮ್ಮಡಿ. ಸರ್ ಮಿರ್ಚಿ ಕಚ್ಚುತ್ತಾ ಬಗ್ಗಿ ನೋಡಿದರು.

"ಎಷ್ಟು ದಿನ ಬರ್ತೈತೋ ಈ ಬ್ಯಾಟರಿ?"

"ದಿನದ ಲೆಕ್ಕ ನಮಗ್ಯಾಕ್ರೀ ಸರ," ಅಂದ ಮಾಬುಸಾಬ. "ಇವತ್ತಿನ ಸಂಜಿಗೆ ಸಾಕಾದ್ರ ಸಾಕು."

ನೀಲಾಂಬಿಕಾ ಮಂಡಿಯೂರಿ ಕೂತರು. ನನ್ನ ತಲೆಯ ಮೇಲಿನ ಎಣ್ಣೆಜಿಡ್ಡು ಬೆರಳಿನಿಂದ ಸರಿಸಿದಾಗ ಕುಂಕುಮದ ಕಂದು ಕಲೆ ಕಂಡಿತು. "ನಮ್ಮದ ಐತ್ರೀ ಇದು," ಅಂದರು ಮೆಲ್ಲಗೆ.

"ಹೌದಾ? ಕೈ ಕೊಟ್ಟಿತ್ತಲ್ಲ, ಅದ ಏನು?" ಅಂದರು ಸರ್.

ಆಕೆ ಎದ್ದು ನಿಂತು ಗಂಡನ ಅಂಗಿಯ ಜೇಬು ತಟ್ಟಿ ನೋಡಿದರು. ಬಾಯಿಗೆ ಹೊಡೆದುಕೊಳ್ಳುವ ಪಂಪು ಅಲ್ಲಿತ್ತು. ಗಾಡಿಯ ಬೀಗದ ಕೈ ಆಕೆಯ ಪರ್ಸಿನಲ್ಲಿತ್ತು. "ಕೈ ಕೊಟ್ಟಾಂವ ಯಾರು ಅಂತ ಹಾದಿಮನಿ ಸರ್ ಮುಂದ ಹೇಳ್ಲೇನ್ರೀ?" ಅಂದರು.

ಸರ್ ಮಿರ್ಚಿಯ ತುಂಡನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದು ಹಾಕು ಎಂದು ಮಾಬುಸಾಬನತ್ತ ತಟ್ಟೆ ಚಾಚಿದರು. 

ಈಗ ನಾನು ಗುಜರಿ ಅಂಗಳದ ಗೋಡೆಗೆ ಒರಗಿದ್ದೇನೆ. ಆಮ್ಲ ಬಸಿದಿದ್ದಾರೆ, ಹೊಟ್ಟೆಯ ಚೀಟಿ ಸುಲಿದುಹೋಗಿದೆ. ನಾಳೆ ಒಡೆದು ಸೀಸ ಕರಗಿಸುತ್ತಾರಂತೆ, ಮತ್ತೆ ಬ್ಯಾಟರಿ ಮಾಡುತ್ತಾರಂತೆ. ಮತ್ತೊಂದು ಅಂಕಿ ಅಂಟಿಸುತ್ತಾರೆ, ಮತ್ತೊಬ್ಬ ಪಂಡಿತ ಬಂದು ಅದನ್ನು ನಂಬುತ್ತಾನೆ. ಅವನನ್ನೂ ನಾನು ಹೀಗಳೆಯದೆ ಬಿಡುವುದಿಲ್ಲ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಆದರೆ ಅವನು ಸೋಲಲಿ ಎಂದು ಮಾತ್ರ ಇನ್ನು ಬಯಸುವುದಿಲ್ಲ. ನಾನು ಎಷ್ಟು ದಿನ ಬಂದೆ ಎಂದು ಕೇಳಿದರೆ ಹೇಳಬಲ್ಲೆ: ಫ್ರಿಜ್ಜಿಗೆ ಎರಡು ದಿನ, ಬಣ್ಣದ ದೀಪಕ್ಕೆ ಮೂರು ದಿನ, ಒಬ್ಬ ಮನುಷ್ಯನ ಉಸಿರಿಗೆ ಎರಡು ಸಲ ಗುರ್ ಗುರ್ ಅನ್ನುವಷ್ಟು ಹೊತ್ತು. ಉಳಿದ ದಾರಿಯನ್ನು ನೀಲಾಂಬಿಕಾ ಓಡಿಸಿದರು.